ನಾಲ್ಕೂ ಮುಕ್ಕಾಲರ ಬಸ್ಸು: ಮಲೆನಾಡಿನ ಹುಡುಗಿಯರು ಆಟ ಬಿಡುವುದು ಯಾಕೆ, ಆಡಿಸುವುದು ಹೇಗೆ?

ನನ್ನ ಅಕ್ಕನ ಮಗಳು ಹೊಸನಗರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಓದುತ್ತಾಳೆ. ಈಗ ಒಂಬತ್ತನೇ ಕ್ಲಾಸು. ಏಳನೇ ಕ್ಲಾಸಿನ ತನಕ ಖೋ-ಖೋದಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲ. ಕಂಬದ ಹತ್ತಿರ ಬಂದಾಗ ಒಂದು ಕೈಯಲ್ಲಿ ಕಂಬ ಹಿಡಿದು ಇಡೀ ಮೈಯನ್ನು ಆಚೆಗೆ ತೂಗಿಬಿಡುತ್ತಿದ್ದಳು. ಹೋದ ವರ್ಷ ಹೋಬಳಿ ಕ್ರೀಡಾಕೂಟಕ್ಕೆ ಹೆಸರನ್ನೇ ಕೊಡಲಿಲ್ಲ. ಯಾಕೇ ಅಂತ ಕೇಳಿದೆ. "ಪ್ರಾಕ್ಟೀಸು ನಾಲ್ಕೂವರೆಗೆ ಶುರು ಚಿಕ್ಕಿ. ಬಸ್ಸು ನಾಲ್ಕೂ ಮುಕ್ಕಾಲಿಗೆ" ಅಂದಳು. ಅಷ್ಟೇ ಉತ್ತರ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. ಭಾರತದ ಹೆಣ್ಣುಮಕ್ಕಳು ಫೈನಲ್‌ನಲ್ಲಿ ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ನಮ್ಮದೇ ರಾಜ್ಯದ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಅದೇ ವರ್ಷ ನವೆಂಬರ್‌ನಲ್ಲಿ ಮಹಿಳಾ ಕ್ರಿಕೆಟ್ ವಿಶ್ವಕಪ್ಪೂ ನಮಗೇ ಬಂತು. ಆಮೇಲಿಂದ ನಮ್ಮ ಕಡೆ ಶಾಲೆಯ ಪೋಷಕರ ಸಭೆಯಲ್ಲೂ, ಸಂಘದ ಮೀಟಿಂಗಿನಲ್ಲೂ "ನಮ್ಮ ಹುಡುಗಿಯರನ್ನೂ ಆಡಿಸಬೇಕು" ಅನ್ನುವ ಮಾತು ಕೇಳುತ್ತಿದೆ. ಆಡಿಸುವುದು ಅಂದರೆ ಏನು, ಎಷ್ಟು ಆಡಿಸಬೇಕು, ಅಡ್ಡ ಬರುವುದು ಏನು ಅಂತ ಒಮ್ಮೆ ಬಿಡಿಸಿ ನೋಡೋಣ.

ಮನೆ ಕೆಲಸವೇ ವ್ಯಾಯಾಮ ಅಲ್ವಾ?

ಇದು ನಮ್ಮಲ್ಲಿ ಮೊದಲು ಬರುವ ಪ್ರಶ್ನೆ. ಹುಡುಗಿ ಕೊಟ್ಟಿಗೆ ಗುಡಿಸುತ್ತಾಳೆ, ನೀರು ತರುತ್ತಾಳೆ, ಗುಡ್ಡ ಹತ್ತಿ ಇಳಿದು ಶಾಲೆಗೆ ಹೋಗುತ್ತಾಳೆ. ಇನ್ನೇನು ಬೇಕು?

ಪ್ರಶ್ನೆ ಸುಳ್ಳಲ್ಲ. ಮೈ ಅಲ್ಲಾಡಿಸುವ ಯಾವ ಕೆಲಸವಾದರೂ ದೈಹಿಕ ಚಟುವಟಿಕೆಯೇ. ಆದರೆ ಅದರಲ್ಲಿ ಮೆಟ್ಟಿಲುಗಳಿವೆ. ಗುರುತಿಸಲು ಮೀಟರು ಬೇಡ, ಮಾತು ಸಾಕು. ಕೆಲಸ ಮಾಡುತ್ತಾ ಹಾಡು ಹೇಳಲು ಬಂದರೆ ಅದು ಹಗುರ. ಮಾತಾಡಬಹುದು, ಹಾಡಲು ಆಗಲ್ಲ ಅಂದರೆ ಮಧ್ಯಮ. ಬಿರುಸಾಗಿ ಏರು ಹತ್ತುವುದು ಈ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಮಾತಿಗೇ ಏದುಸಿರು ಬಂದರೆ ಅದು ಜೋರು. ಕಬಡ್ಡಿ, ಖೋ-ಖೋ, ಓಟ ಎಲ್ಲ ಈ ಗುಂಪಿನವು.

ಈಗ ಅಡಿಕೆ ಸುಲಿಯುವುದನ್ನು ನೋಡಿ. ರಾತ್ರಿ ಹತ್ತರ ತನಕ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದರೆ ಬೆನ್ನು ಬೀಳುತ್ತದೆ, ಬೆರಳು ಕಪ್ಪಾಗುತ್ತದೆ. ಆದರೆ ಹಾಡು ಹೇಳುತ್ತಲೇ ಸುಲಿಯುತ್ತಾರೆ ಅಲ್ವಾ? ಸುಸ್ತು ಪೂರ್ತಿ ಇದೆ. ಎದೆಗೆ, ಶ್ವಾಸಕ್ಕೆ, ಕಾಲಿನ ಮೂಳೆಗೆ ಸಿಗಬೇಕಾದ ಕೆಲಸ ಸಿಗುವುದಿಲ್ಲ. ದಣಿವು ಬೇರೆ, ವ್ಯಾಯಾಮ ಬೇರೆ.

ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕ ಇದು: 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮಧ್ಯಮ ಅಥವಾ ಜೋರು ಚಟುವಟಿಕೆ ಬೇಕು. ವಾರದಲ್ಲಿ ಕನಿಷ್ಠ 3 ದಿನ ಜೋರಿನ ಆಟ, ಸ್ನಾಯು ಮತ್ತು ಮೂಳೆ ಗಟ್ಟಿಯಾಗುವ ಆಟ ಇರಬೇಕು. 60 ನಿಮಿಷ ಒಂದೇ ಸಲ ಆಗಬೇಕಿಲ್ಲ. ಶಾಲೆಗೆ ನಡೆದ 20 ನಿಮಿಷವನ್ನೂ ಸೇರಿಸಿಕೊಳ್ಳಬಹುದು. 2016ರ ಅಂಕಿಅಂಶ ಹಿಡಿದು ಜಗತ್ತಿನ 11ರಿಂದ 17 ವರ್ಷದ ಶಾಲಾ ಮಕ್ಕಳ ಲೆಕ್ಕ ಹಾಕಿದಾಗ ಹುಡುಗರಲ್ಲಿ 100ಕ್ಕೆ 78, ಹುಡುಗಿಯರಲ್ಲಿ 100ಕ್ಕೆ 85 ಮಂದಿ ಇಷ್ಟು ಚಟುವಟಿಕೆ ಮಾಡುತ್ತಿರಲಿಲ್ಲ. ಅಂದರೆ ಇದು ಬರೀ ನಮ್ಮೂರಿನ ಕಥೆಯಲ್ಲ.

ಕಟ್ಟಿಗೆ ಕೂಡಿಡುವ ವಯಸ್ಸು

ದೊಡ್ಡವಳಾದ ಮೇಲೆ ಜಿಮ್ಮಿಗೆ ಹೋಗಲಿ ಬಿಡಿ, ಈಗ ಓದಲಿ ಅನ್ನುವವರಿಗೆ ಮೂಳೆಯ ವಿಷಯ ಗೊತ್ತಿರಬೇಕು.

ಮಲೆನಾಡಿನಲ್ಲಿ ಮಳೆಗಾಲದ ಕಟ್ಟಿಗೆಯನ್ನು ಯಾವಾಗ ಕೂಡಿಡುತ್ತೇವೆ? ಬೇಸಿಗೆಯಲ್ಲಿ. ಜೂನ್ ಹಿಡಿದ ಮೇಲೆ ಒಣ ಸೌದೆ ಹುಡುಕಿದರೆ ಸಿಗಲ್ಲ. ಇದ್ದದ್ದನ್ನೇ ಸೆಪ್ಟೆಂಬರ್ ತನಕ ಉರಿಸಬೇಕು. ಮೂಳೆಯೂ ಹಾಗೆಯೇ. ಹುಡುಗಿಯರ ಮೂಳೆ ಜೀವನದಲ್ಲಿ ಮುಟ್ಟುವ ಗಟ್ಟಿತನದ 100ಕ್ಕೆ 90ರಷ್ಟು ಭಾಗ 18 ವರ್ಷದ ಹೊತ್ತಿಗೇ ಕೂಡಿಬಿಟ್ಟಿರುತ್ತದೆ. ಆಮೇಲೆ ಸ್ವಲ್ಪ ಸೇರಬಹುದು. ಮುಟ್ಟು ನಿಂತ ಮೇಲೆ ರಾಶಿ ಬೇಗ ಬೇಗ ಕರಗುತ್ತದೆ. ಅರವತ್ತೈದಕ್ಕೆ ಅಂಗಳದ ಪಾಚಿ ಮೇಲೆ ಜಾರಿ ಸೊಂಟ ಮುರಿದುಕೊಳ್ಳುವ ಅಜ್ಜಿಯರನ್ನು ನಾವೆಲ್ಲ ನೋಡಿದ್ದೇವೆ. ಅಂಥ ದಿನಕ್ಕೆ ಬೇಕಾದ ಕಟ್ಟಿಗೆ ಹದಿಮೂರು-ಹದಿನಾಲ್ಕರಲ್ಲಿ ಒಟ್ಟಬೇಕು.

ಮೂಳೆ ಗಟ್ಟಿಯಾಗಲು ಹಾಲು, ರಾಗಿ, ಸೊಪ್ಪು ಬೇಕು, ಸರಿ. ಜೊತೆಗೆ ಪೆಟ್ಟೂ ಬೇಕು. ಕುಪ್ಪಳಿಸಿ ನೆಲಕ್ಕೆ ಕಾಲು ಊರಿದಾಗ, ಓಡುತ್ತಾ ತಟ್ಟನೆ ತಿರುಗಿದಾಗ ಮೂಳೆಯ ಮೇಲೆ ಭಾರ ಬೀಳುತ್ತದೆ. ಇಲ್ಲಿ ಇನ್ನಷ್ಟು ಗಟ್ಟಿ ಮಾಡಬೇಕು ಅಂತ ಮೈಗೆ ಗೊತ್ತಾಗುವುದು ಆಗಲೇ. ಈ ಲೆಕ್ಕದಲ್ಲಿ ನಮ್ಮ ಕುಂಟೆಬಿಲ್ಲೆ ಎಂಥ ಆಟ ನೋಡಿ! ಒಂಟಿ ಕಾಲಲ್ಲಿ ಮನೆ ಮನೆ ಹಾರುವುದು. ಬಿಲ್ಲೆ ಅಂದರೆ ಒಂದು ಹೆಂಚಿನ ಚೂರು.

ಸುಸ್ತು ಅಂದರೆ ಸೋಮಾರಿತನ ಅಲ್ಲ

ಮೈದಾನದಲ್ಲಿ ಎರಡು ಸುತ್ತು ಓಡಿ ಕೂತುಬಿಡುವ ಹುಡುಗಿಗೆ "ಸೋಮಾರಿ" ಅನ್ನುವುದು ಸುಲಭ. ರಕ್ತ ಪರೀಕ್ಷೆ ಮಾಡಿಸುವುದು ಮೇಲು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ 100ಕ್ಕೆ 59 ಮಂದಿಗೆ ರಕ್ತಹೀನತೆ ಇದೆ.

ರಕ್ತಹೀನತೆ ಅಂದರೆ ರಕ್ತ ಖಾಲಿಯಾಗುವುದಲ್ಲ. ರಕ್ತದಲ್ಲಿ ಹಿಮೋಗ್ಲೋಬಿನ್ ಅನ್ನುವ ವಸ್ತು ಇರುತ್ತದೆ. ಶ್ವಾಸಕೋಶದಿಂದ ಆಮ್ಲಜನಕ ಹೊತ್ತು ಕಾಲಿನ ಸ್ನಾಯುವಿನ ತನಕ ಮುಟ್ಟಿಸುವುದು ಅದರ ಕೆಲಸ. ತೋಟದಿಂದ ಅಡಿಕೆ ಗೊನೆ ಸಾಗಿಸುವ ಜೀಪುಗಳು ಅಂದುಕೊಳ್ಳಿ. ಹತ್ತು ಜೀಪು ಬೇಕಾದಲ್ಲಿ ಏಳೇ ಇದ್ದರೆ ಅಷ್ಟೇ ಗೊನೆಗೆ ಜಾಸ್ತಿ ಟ್ರಿಪ್ಪು ಹೊಡೆಯಬೇಕು. ಅದಕ್ಕೇ ಎದೆ ಡವಡವ, ಬೇಗ ಏದುಸಿರು, ಕಣ್ಣು ಕತ್ತಲೆ. 12 ವರ್ಷ ದಾಟಿದ ಹುಡುಗಿಗೆ 100 ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಕನಿಷ್ಠ 12 ಗ್ರಾಂ ಇರಬೇಕು. ಸ್ವಲ್ಪ ಕಡಿಮೆ ಇದ್ದರೆ ಮಾತ್ರೆ, ಊಟದ ಜೊತೆಗೇ ನಿಧಾನವಾಗಿ ಆಟ ಶುರು ಮಾಡಬಹುದು. 8ಕ್ಕಿಂತ ಕೆಳಗಿದ್ದರೆ ಅದು ತೀವ್ರ. ಮೊದಲು ಡಾಕ್ಟರು, ಆಮೇಲೆ ಮೈದಾನ.

ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಇದಕ್ಕೇ ಇರುವುದು. ಹೊಟ್ಟೆ ತೊಳಸುತ್ತೆ ಅಂತ ಕಿಟಕಿಯಾಚೆ ಎಸೆಯುವವರೇ ಜಾಸ್ತಿ (ನಾನೂ ಎಸೆದವಳೇ). ಊಟ ಆದ ಮೇಲೆ ನುಂಗಿದರೆ ತೊಳಸು ಕಡಿಮೆ. ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಕಾಫಿ-ಟೀ ಬೇಡ, ಅವು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತವೆ. ನಿಂಬೆ, ನೆಲ್ಲಿಕಾಯಿ ಒಳ್ಳೆಯದು. ಮಲ ಕಪ್ಪಾದರೆ ಹೆದರಬೇಡಿ. ಜಂತುಹುಳುವಿನ ಮಾತ್ರೆಯೂ ಬಿಡಬಾರದು. ಕೊಕ್ಕೆಹುಳು ಒದ್ದೆ ಮಣ್ಣಿನಿಂದ ಬರಿಗಾಲಿನ ಚರ್ಮದ ಮೂಲಕವೇ ಒಳಗೆ ಹೋಗುತ್ತದೆ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವ ನಮ್ಮ ಮಕ್ಕಳಿಗೆ ಇದು ದೂರದ ಮಾತಲ್ಲ.

ಹನ್ನೆರಡಕ್ಕೆ ಆಡಿದವಳು ಹದಿನಾಲ್ಕಕ್ಕೆ ಯಾಕೆ ನಿಲ್ಲುತ್ತಾಳೆ?

ಪ್ರಾಥಮಿಕ ಶಾಲೆಯಲ್ಲಿ ಹುಡುಗ-ಹುಡುಗಿ ಅಂತ ನೋಡದೆ ಎಲ್ಲರೂ ಓಡುತ್ತಾರೆ. ಎಂಟನೇ ಕ್ಲಾಸಿಗೆ ಬರುವಾಗ ಹುಡುಗಿಯರು ಒಬ್ಬೊಬ್ಬರಾಗಿ ಜಗಲಿಗೆ ಸರಿಯುತ್ತಾರೆ. ಅವರಿಗೆ ಇಷ್ಟ ಇಲ್ಲ ಅಂತ ಸುಮ್ನೆ ಹೇಳಿಬಿಡುತ್ತೇವೆ. ಹತ್ತಿರ ಹೋಗಿ ನೋಡಿದರೆ ಕಾರಣಗಳು ತೀರಾ ಸಣ್ಣವು, ಆದರೆ ಒಂದಕ್ಕೊಂದು ಹೆಣೆದುಕೊಂಡಿವೆ.

ಮೊದಲು ಬಟ್ಟೆ. ಪ್ರಾಥಮಿಕ ಶಾಲೆಯ ಸ್ಕರ್ಟು ಹೋಗಿ ಚೂಡಿದಾರ್, ವೇಲ್ ಬರುತ್ತದೆ. ಓಡುವಾಗ ವೇಲ್ ಹಿಡಿಯಬೇಕೋ, ಎದುರಿನವಳನ್ನು ಹಿಡಿಯಬೇಕೋ? ಎರಡೂ ಭುಜಕ್ಕೆ ಪಿನ್ನು ಹಾಕಿ, ತುದಿಗಳನ್ನು ಸೊಂಟದ ಹತ್ತಿರ ಗಂಟು ಕಟ್ಟಿಕೊಂಡು ಕಬಡ್ಡಿ ಆಡುವ ಹುಡುಗಿಯರನ್ನು ನೋಡಿದ್ದೇನೆ. ಪಿನ್ನು ಬಿಚ್ಚಿ ಚುಚ್ಚಿದ್ದನ್ನೂ ನೋಡಿದ್ದೇನೆ. ಮೈ ಬೆಳೆಯುವ ವಯಸ್ಸಿನಲ್ಲಿ ಸರಿಯಾದ ಒಳಉಡುಪು ಇಲ್ಲದೆ ಓಡುವುದು ನೋವು, ಮೇಲಿಂದ ನಾಚಿಕೆ. ಇದನ್ನು ಪಿ.ಟಿ. ಸರ್ ಹತ್ತಿರ ಯಾರು ಹೇಳುತ್ತಾರೆ? ಒಂದು ಟ್ರ್ಯಾಕ್ ಪ್ಯಾಂಟು, ಸಡಿಲ ಟೀ ಶರ್ಟು, ಒಂದು ಸ್ಪೋರ್ಟ್ಸ್ ಬ್ರಾ ಕೊಟ್ಟರೆ ಅರ್ಧ ಜಗಲಿ ಖಾಲಿಯಾಗುತ್ತದೆ ಅಂತ ನನ್ನ ಅಂದಾಜು.

ಆಮೇಲೆ ಮುಟ್ಟು. ತಿಂಗಳ ಆ ದಿನಗಳಲ್ಲಿ ಆಡಬಾರದು ಅನ್ನುವುದಕ್ಕೆ ವೈದ್ಯಕೀಯ ಕಾರಣ ಇಲ್ಲ. ಹಗುರ ವ್ಯಾಯಾಮದಿಂದ ಹೊಟ್ಟೆನೋವು ಇಳಿಯುವುದೇ ಹೆಚ್ಚು. ತೊಂದರೆ ಇರುವುದು ಶೌಚಾಲಯದಲ್ಲಿ. ಬಾಗಿಲಿಗೆ ಚಿಲಕ, ನಲ್ಲಿಯಲ್ಲಿ ನೀರು, ಪ್ಯಾಡ್ ಹಾಕಲು ಒಂದು ಡಬ್ಬಿ ಇಲ್ಲದ ಕಡೆ ಹುಡುಗಿ ಆಟ ಬಿಡುತ್ತಾಳೆ, ಕೆಲವೊಮ್ಮೆ ಶಾಲೆಗೇ ಬರುವುದಿಲ್ಲ. ಕೊಠಡಿ ಕಟ್ಟಿ ಬೀಗ ಹಾಕಿಟ್ಟಿದ್ದರೆ ಅದೂ ಇಲ್ಲದ ಲೆಕ್ಕವೇ.

ಮೂರನೆಯದು ಮಲೆನಾಡಿನದೇ ವಿಶೇಷ. ಬಯಲುಸೀಮೆಯಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಸಂಜೆ ಬೀದಿಗೆ ಬಂದರೆ ಆಡಲು ಹತ್ತು ಮಂದಿ ಸಿಗುತ್ತಾರೆ. ನಮ್ಮಲ್ಲಿ ಒಂಟಿಮನೆಗಳು. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ತೋಟ, ಒಂದು ಹಳ್ಳ, ಒಂದು ತುಂಡು ಕಾಡು. ಓರಗೆಯ ಹುಡುಗಿ ಇರುವುದು ಎರಡು ಮೈಲಿ ಆಚೆ. ಹಾಗಾಗಿ ಶಾಲೆಯಲ್ಲಿ ಆಡದವಳು ಮನೆಗೆ ಬಂದು ಆಡುತ್ತಾಳೆ ಅನ್ನುವ ಮಾತೇ ಇಲ್ಲ.

ಕೊನೆಗೆ ಆ ಬಸ್ಸು. ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳು ದುಡ್ಡು ಕೊಡಬೇಕಿಲ್ಲ. ಆದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಎಷ್ಟೋ ಒಳರಸ್ತೆಗಳಲ್ಲಿ ಓಡುವುದು ಖಾಸಗಿ ಬಸ್ಸು, ಅದೂ ದಿನಕ್ಕೆ ಎರಡೋ ಮೂರೋ. ನಾಲ್ಕೂ ಮುಕ್ಕಾಲರದ್ದು ತಪ್ಪಿದರೆ ಮುಂದಿನದು ಕತ್ತಲಾದ ಮೇಲೆ. ಸ್ಟಾಪಿನಿಂದ ಮನೆಗೆ ಮತ್ತೆ ಕಾಡುದಾರಿ. ಬೇಡ ಅನ್ನುವ ಅಪ್ಪನನ್ನು ಹಳೇ ಕಾಲದವನು ಅಂತ ಬೈದು ಏನೂ ಆಗುವುದಿಲ್ಲ.

ಕ್ರೀಡಾಕೂಟ ಬೇರೆ, ಕ್ರೀಡಾ ಕಾರ್ಯಕ್ರಮ ಬೇರೆ

ನಮ್ಮಲ್ಲಿ ಶಾಲಾ ಆಟ ಅಂದರೆ ಕ್ರೀಡಾಕೂಟ. ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಜರಡಿ ಹಿಡಿಯುತ್ತಾ ಹೋಗುವುದು. 14, 17, 19 ವರ್ಷದ ಒಳಗಿನವರು ಅಂತ ಗುಂಪು. ಚೆನ್ನಾಗಿ ಆಡುವವರನ್ನು ಹುಡುಕಲು ಇದು ಬೇಕು. ಆದರೆ ಎಲ್ಲರನ್ನೂ ಆಡಿಸಲು ಇದರಿಂದ ಆಗದು. ಒಂದು ಪ್ರೌಢಶಾಲೆಯಲ್ಲಿ 90 ಹುಡುಗಿಯರಿದ್ದಾರೆ ಅಂದುಕೊಳ್ಳಿ. ಖೋ-ಖೋ ತಂಡಕ್ಕೆ 12 ಮಂದಿ ಆಯ್ಕೆಯಾದರೆ ಉಳಿದ 78 ಮಂದಿ ಚಪ್ಪಾಳೆ ತಟ್ಟುತ್ತಾರೆ. ಕ್ರೀಡಾಕೂಟ ಊರ ಜಾತ್ರೆಯ ಊಟ ಇದ್ದ ಹಾಗೆ. ವರ್ಷಕ್ಕೊಮ್ಮೆ ಹೋಳಿಗೆ ತಿಂದರೆ ದಿನದ ಗಂಜಿ ತಪ್ಪುತ್ತದೆಯೇ?

ಕ್ರೀಡಾ ಕಾರ್ಯಕ್ರಮ ಅಂದರೆ ಆ ದಿನದ ಗಂಜಿ. ವಾರಕ್ಕೆ ಇಂತಿಷ್ಟು ದಿನ, ಇಂತಿಷ್ಟು ಹೊತ್ತು, ಬರುವ ಎಲ್ಲರಿಗೂ ಆಟ. ಗೆಲ್ಲುವವರಿಗೂ ಜಾಗ ಇದೆ, ನಿಧಾನ ಓಡುವವರಿಗೂ ಇದೆ. ಜಾರ್ಖಂಡ್‌ನಲ್ಲಿ ರಾಂಚಿ ಸುತ್ತಲಿನ ಹಳ್ಳಿಗಳಲ್ಲಿ 2009ರಿಂದ ಯುವಾ ಅನ್ನುವ ಸಂಸ್ಥೆ ಹುಡುಗಿಯರಿಗೆ ಫುಟ್‌ಬಾಲ್ ಆಡಿಸುತ್ತಿದೆ. 2019ರಲ್ಲಿ ಲಾರಿಯಸ್ ಅನ್ನುವ ಅಂತರರಾಷ್ಟ್ರೀಯ ಕ್ರೀಡಾ ಪ್ರಶಸ್ತಿಯೂ ಬಂತು. ಅಲ್ಲಿ ನಮಗೆ ಮುಖ್ಯವಾದದ್ದು ಪ್ರಶಸ್ತಿಯಲ್ಲ. ಮೊದಲು ಆಡಿದ ಹುಡುಗಿಯರೇ ಆಮೇಲೆ ಚಿಕ್ಕವರಿಗೆ ಕೋಚ್ ಆಗುತ್ತಾರೆ. ನಮ್ಮ ಪಕ್ಕದ ಮನೆಯ ಅಕ್ಕ ಆಡಿಸುತ್ತಾಳೆ ಅಂದಾಗ ಅಮ್ಮಂದಿರು ಕಳಿಸುತ್ತಾರೆ. ಗೆಳತಿ ಬರುತ್ತಾಳೆ ಅಂತ ಇವಳೂ ಬರುತ್ತಾಳೆ.

ಮಳೆ, ಉಣುಗು ಮತ್ತು ಕ್ಯಾಲೆಂಡರು

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೈದಾನ ಕೆಸರು, ಅಂಚಿನ ಹುಲ್ಲಿನಲ್ಲಿ ಇಂಬಳ (ಜಿಗಣೆ). ತಮಾಷೆ ಅಂದರೆ ಹೋಬಳಿ, ತಾಲ್ಲೂಕು ಕ್ರೀಡಾಕೂಟಗಳು ಹೆಚ್ಚಾಗಿ ಬರುವುದೂ ಆಗಲೇ. ಮಳೆ ನಿಂತಿತು ಅನ್ನುವಾಗ ಅಡಿಕೆ ಕೊಯ್ಲು. ಆಮೇಲೆ ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು, ಉಣುಗು (ರಕ್ತ ಹೀರುವ ಉಣ್ಣೆ ಹುಳ) ಕಚ್ಚಿ ಬರುವುದು. ಕಾಯಿಲೆ ಕಾಣಿಸಿಕೊಂಡ ಊರುಗಳಲ್ಲಿ ಕಾಡಂಚಿನ ಮೈದಾನಕ್ಕೆ ಮಕ್ಕಳನ್ನು ಬಿಡುವ ಮೊದಲು ಒಣಗಿದ ಎಲೆ ತೆಗೆಸಬೇಕು, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಕೈಕಾಲಿಗೆ ಹಚ್ಚಿಸಬೇಕು, ಮನೆಗೆ ಹೋದ ಮೇಲೆ ಬಿಸಿನೀರು ಸ್ನಾನ ಮಾಡಿ ಮೈ ನೋಡಿಕೊಳ್ಳಲು ಹೇಳಬೇಕು.

ಹಾಗಾಗಿ ಬಯಲಿನ ವೇಳಾಪಟ್ಟಿಯನ್ನು ಇಲ್ಲಿಗೆ ತಂದರೆ ನಡೆಯುವುದಿಲ್ಲ. ಮಳೆಗಾಲಕ್ಕೆ ಜಗಲಿಯ ಆಟ ಬೇಕು: ಹಗ್ಗದಾಟ, ಕುಂಟೆಬಿಲ್ಲೆ, ಯೋಗ. ಹಗ್ಗದಾಟಕ್ಕೆ ಬಾವಿಹಗ್ಗದ ತುಂಡಾದರೂ ಸಾಕು. ಮಳೆ ಬಿಟ್ಟಾಗ ಖೋ-ಖೋ, ಕಬಡ್ಡಿ, ಥ್ರೋಬಾಲ್. ಖೋ-ಖೋಗೆ 27 ಮೀಟರ್ ಉದ್ದ, 16 ಮೀಟರ್ ಅಗಲದ ಜಾಗ, ಎರಡು ಕಂಬ ಇದ್ದರಾಯಿತು, ಚೆಂಡೂ ಬೇಡ. ಹುಡುಗಿಯರ ಕಬಡ್ಡಿ ಅಂಕಣ ಇನ್ನೂ ಚಿಕ್ಕದು, 12ಕ್ಕೆ 8 ಮೀಟರ್. ಗುಡ್ಡದ ಇಳಿಜಾರಿನಲ್ಲಿ ಸಮತಟ್ಟು ಜಾಗವೇ ಸಿಗದ ಶಾಲೆಗಳಿಗೆ ಇದು ದೊಡ್ಡ ಅನುಕೂಲ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಬಿದ್ದರೆ ಮಂಡಿ ತರಚುತ್ತದೆ, ಅದಕ್ಕೆ ಮೇಲೆ ಒಂದು ಪದರ ಮೆತ್ತಗಿನ ಮಣ್ಣು ಹಾಸಬೇಕು.

ಮೇಷ್ಟ್ರು ಎಲ್ಲಿ? ದುಡ್ಡು ಎಲ್ಲಿ?

ಶಿಕ್ಷಣ ಹಕ್ಕು ಕಾಯ್ದೆ 2009ರದ್ದು. ಅದರ ಪ್ರಕಾರ ಪ್ರತಿ ಶಾಲೆಗೂ ಆಟದ ಮೈದಾನ ಬೇಕು. 6ರಿಂದ 8ನೇ ತರಗತಿಗೆ ದೈಹಿಕ ಶಿಕ್ಷಣದ ಅರೆಕಾಲಿಕ ಬೋಧಕರೂ ಬೇಕು, ಆದರೆ ಮಕ್ಕಳ ಸಂಖ್ಯೆ 100 ದಾಟಿದರೆ ಮಾತ್ರ. ಇಲ್ಲೇ ಮಲೆನಾಡು ಕೈತಪ್ಪುವುದು. ಒಂಟಿಮನೆಗಳ ನಾಡಿನಲ್ಲಿ ಶಾಲೆಗಳು ಚಿಕ್ಕವು, ಎಷ್ಟೋ ಕಡೆ ಒಂದರಿಂದ ಏಳರ ತನಕ ಸೇರಿಸಿದರೂ ಐವತ್ತು ಮಕ್ಕಳಿಲ್ಲ. ಅಂಥಲ್ಲಿ ಆಡಿಸಬೇಕಾದವರು ಗಣಿತದ ಟೀಚರೋ, ಕನ್ನಡದ ಮೇಷ್ಟ್ರೋ. ಪ್ರೌಢಶಾಲೆಯಲ್ಲಿ ಪಿ.ಟಿ. ಸರ್ ಇದ್ದರೂ ಜನವರಿ ಬಂದರೆ ಪಿ.ಟಿ. ಪೀರಿಯಡ್ಡು ಎಸ್ಸೆಸ್ಸೆಲ್ಸಿ ಸ್ಪೆಷಲ್ ಕ್ಲಾಸಿಗೆ ಹೋಗುತ್ತದೆ.

ದುಡ್ಡಿನ ವಿಷಯ ಬೇಗ ಮುಗಿಯುತ್ತದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಆಟದ ಸಾಮಾನಿಗೆ ಅಂತಲೇ ವರ್ಷಕ್ಕೆ ಕಿರಿಯ ಪ್ರಾಥಮಿಕ ಶಾಲೆಗೆ 5,000, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000 ರೂಪಾಯಿ ತನಕ ಅನುದಾನಕ್ಕೆ ಅವಕಾಶ ಇದೆ. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಅದು ಬಂತೇ, ಯಾವುದಕ್ಕೆ ಹೋಯಿತು ಅಂತ ಪೋಷಕರು ಕೇಳಬಹುದು. ಬರೀ ಕ್ರಿಕೆಟ್ ಬ್ಯಾಟು ಬಂದಿದ್ದರೆ ಹಗ್ಗ, ಥ್ರೋಬಾಲ್ ಯಾಕಿಲ್ಲ ಅಂತಲೂ ಕೇಳಬಹುದು. ಮೈದಾನ ಮಟ್ಟ ಮಾಡಿಸಲು ಗ್ರಾಮ ಪಂಚಾಯಿತಿಯ ಹತ್ತಿರ ಹೋಗಬೇಕು.

ದುಡ್ಡಿಗಿಂತ ಕಷ್ಟದ್ದು ಹೊತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಇಟ್ಟ ಆಟ ಬಸ್ಸಿನ ಹುಡುಗಿಯರಿಗೆ ಇಲ್ಲದ ಆಟ. ಶಾಲೆಯ ಹೊತ್ತಿನ ಒಳಗೇ ಇಟ್ಟರೆ ಎಲ್ಲರಿಗೂ ಸಿಗುತ್ತದೆ. ಹುಡುಗಿಯರ ವಸತಿ ಶಾಲೆಗಳಲ್ಲಿ ಈ ಬಸ್ಸಿನ ಗೋಳು ಇಲ್ಲ, ಅಲ್ಲಿ ಬೆಳಗ್ಗೆ ಸಂಜೆ ಎರಡೂ ಹೊತ್ತು ಆಡಿಸಬಹುದು.

ಅಮ್ಮಂದಿರು ಕೇಳುವ ಎರಡು ಪ್ರಶ್ನೆ

ಬಿದ್ದು ಕಾಲು ಮುರಿದುಕೊಂಡರೆ? ಗಾಯ ಆಗುವುದುಂಟು. ಹಾರಿ ಇಳಿಯುವಾಗ, ಥಟ್ಟನೆ ತಿರುಗುವಾಗ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು (ಲಿಗಮೆಂಟು) ಹರಿಯುವ ಅಪಾಯ ಹುಡುಗರಿಗಿಂತ ಹುಡುಗಿಯರಿಗೆ ಎರಡು ಪಟ್ಟಿಗೂ ಹೆಚ್ಚು. ಇಳಿಯುವಾಗ ಎರಡು ಮಂಡಿ ಒಂದಕ್ಕೊಂದು ತಾಗುವ ಹಾಗೆ ಒಳಗೆ ವಾಲುವುದು ಅದಕ್ಕೆ ಒಂದು ಕಾರಣ. ಆಟಕ್ಕೆ ಮುಂಚೆ ಹದಿನೈದು ನಿಮಿಷ ಮೈ ಬಿಸಿ ಮಾಡಿಸಿ, ಮಂಡಿ ಬಗ್ಗಿಸಿ ಮೆತ್ತಗೆ ಇಳಿಯುವುದನ್ನು ಕಲಿಸಿದರೆ ಅಪಾಯ ಬಹಳ ಇಳಿಯುತ್ತದೆ. ನೆಲಕ್ಕೆ ಕಾಲಿಟ್ಟ ಸದ್ದು ಕೇಳಬಾರದು, ಬೆಕ್ಕು ಅಟ್ಟದಿಂದ ಹಾರಿದ ಹಾಗೆ ಇರಬೇಕು ಅಂತ ಹೇಳಿದರೆ ಮಕ್ಕಳಿಗೆ ಥಟ್ಟನೆ ಗೊತ್ತಾಗುತ್ತದೆ. ಇನ್ನೊಂದು ಮಾತು: ಜೋರಾಗಿ ಆಡುವ ಹುಡುಗಿಗೆ ಊಟ ಸಾಲದೆ ಹೋದರೆ ಮುಟ್ಟು ತಪ್ಪಬಹುದು. ಮೂರು ತಿಂಗಳು ಆಗದಿದ್ದರೆ ಡಾಕ್ಟರಿಗೆ ತೋರಿಸಬೇಕು.

ದೂರದ ಊರಿಗೆ ಆಡಲು ಕಳಿಸಿದರೆ ಯಾರು ನೋಡಿಕೊಳ್ಳುತ್ತಾರೆ? ಕೇಳಲೇಬೇಕಾದ ಪ್ರಶ್ನೆ ಇದು. ಜೊತೆಗೆ ಒಬ್ಬರಾದರೂ ಮಹಿಳಾ ಶಿಕ್ಷಕಿ ಬರುತ್ತಾರೆಯೇ, ರಾತ್ರಿ ಎಲ್ಲಿ ಉಳಿಯುತ್ತಾರೆ, ಫೋನ್ ನಂಬರ್ ಯಾರದು ಅಂತ ಮೊದಲೇ ಬರೆಸಿಕೊಳ್ಳಿ. ಕೇಳಿದರೆ ಶಾಲೆಯವರು ಬೇಜಾರು ಮಾಡಿಕೊಳ್ಳಬಾರದು. ಮಗುವಿಗೆ ಯಾರಿಂದಲಾದರೂ ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಯಾವ ಹೊತ್ತಿನಲ್ಲೂ ಫೋನ್ ಮಾಡಬಹುದು. ಈ ನಂಬರು ಅವಳಿಗೂ ಬಾಯಿಪಾಠ ಇರಲಿ.

ಅಕ್ಕನ ಮಗಳ ಶಾಲೆಯಲ್ಲಿ ಈ ವರ್ಷ ವಾರಕ್ಕೆ ಮೂರು ದಿನ ಕೊನೆಯ ಪೀರಿಯಡ್ಡನ್ನು ಆಟಕ್ಕೆ ಬಿಟ್ಟಿದ್ದಾರೆ. ಕೇಳಿದ್ದು ಪೋಷಕರು, ಒಪ್ಪಿದ್ದು ಹೆಡ್‌ಮೇಡಂ. ವಿಜ್ಞಾನದ ಪೀರಿಯಡ್ಡು ಬೆಳಗ್ಗೆಗೆ ಹೋಯಿತು. ಈಗ ಅವಳು ಮಂಡಿಗೆ ಕೆಂಪು ಮಣ್ಣು ಮೆತ್ತಿಕೊಂಡೇ ನಾಲ್ಕೂ ಮುಕ್ಕಾಲರ ಬಸ್ಸು ಹತ್ತುತ್ತಾಳೆ. ಸೀಟು ಕೊಳೆ ಆಗ್ತದೆ, ನಿಂತ್ಕೊಳ್ಳಿ ಅಂತ ಕಂಡಕ್ಟರು ದಿನಾ ಗೊಣಗುತ್ತಾರಂತೆ.